ಹೂವು ನೋಡಿ ತೋಟ ಹಿಡಿದವರು

(ಅಮೆರಿಕದ ಓಹಾಯೋ ರಾಜ್ಯದಲ್ಲಿ ಕನ್ನಡದ ತಂದೆತಾಯಂದಿರ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತ್ ಆದ ಮೇಲೆ ನನ್ನನ್ನು ನಿಲ್ಲಿಸಿದ್ದೀರಿ. ಯಾರಾದರೂ ತೂಕಡಿಸಿದರೆ ತಪ್ಪು ಅಡುಗೆಯವರದು, ನನ್ನದಲ್ಲ.

ನಾನು ಫಿಸಿಕಲ್ ಥೆರಪಿಸ್ಟ್. ದಿನವಿಡೀ ಮಂಡಿ ನೋಡುವುದೇ ನನ್ನ ಕೆಲಸ. ಕ್ಲಿನಿಕ್‌ಗೆ ಬರುವವರಲ್ಲಿ ಒಂದಷ್ಟು ಜನ ಅರವತ್ತು ದಾಟಿದವರು, ಮಿಕ್ಕವರು ಹೈಸ್ಕೂಲು ಮಕ್ಕಳು. ಇವತ್ತಿನ ಮಾತು ಆ ಮಕ್ಕಳದ್ದು. ‘ಬಾ, ನಮ್ಮ ಟೀಮಿಗೆ ಆಡು, ಫೀಸು ನಾವು ನೋಡ್ಕೋತೀವಿ’ ಎಂದು ಒಂದು ಕಾಲೇಜು ಮಾತು ಕೊಟ್ಟಿದೆ. ಮಗು ಕಾಲೇಜಿಗೆ ಕಾಲಿಡುವ ಮೊದಲೇ ಮಂಡಿ ಹೋಯಿತು. ಆ ಮಾತು ಉಳಿಯಬೇಕಾ, ಬೇಡವಾ?

ಉಳಿಯಬೇಕು ಅನ್ನುವವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಎರಡೂ ಕಡೆ ತಕ್ಕಡಿ ತೂಗುವ ನಾಟಕ ನನಗೆ ಬರಲ್ಲ. ಆದರೆ ಯಾವ ಮಾತು, ಎಷ್ಟರ ಮಟ್ಟಿಗೆ ಉಳಿಯಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದಕ್ಕೆ ಮೊದಲು ಒಂದು ಮಾವಿನ ತೋಟಕ್ಕೆ ಹೋಗಿ ಬರೋಣ.

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ, ಅದು ಮಾವಿನ ಸೀಮೆ. ಮರದ ತುಂಬ ಹೂವು ಬಂದಿರುತ್ತೆ, ಕಾಯಿ ಇನ್ನೂ ಕಣ್ಣಿಗೇ ಬಿದ್ದಿರಲ್ಲ, ಆಗಲೇ ವ್ಯಾಪಾರಿ ಬರುತ್ತಿದ್ದ. ತಲೆ ಎತ್ತಿಕೊಂಡು ಒಂದೊಂದೇ ಮರ ಸುತ್ತುತ್ತಿದ್ದ. ಬಾದಾಮಿ ಎಷ್ಟು, ತೋತಾಪುರಿ ಎಷ್ಟು ಎಂದು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದ. ಆಮೇಲೆ ಜಗುಲಿ ಮೇಲೆ ಕೂತು ಅಪ್ಪನ ಹತ್ತಿರ ರೇಟು ಮಾತಾಡಿ, ಅಡ್ವಾನ್ಸ್ ಕೊಟ್ಟು ಹೋಗುತ್ತಿದ್ದ. ಇದಕ್ಕೆ ತೋಟ ಹಿಡಿಯುವುದು ಅನ್ನುತ್ತಿದ್ದೆವು. ಅವನು ಹಿಡಿದ ಮೇಲೆ ಇನ್ನೊಬ್ಬ ವ್ಯಾಪಾರಿ ನಮ್ಮ ಬೇಲಿ ಹತ್ತಿರವೂ ಸುಳಿಯುತ್ತಿರಲಿಲ್ಲ.

ಒಂದು ವರ್ಷ ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಿತ್ತು. ಅರ್ಧ ಗಂಟೆ ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ನೆಲದ ತುಂಬ ಕಾಯಿ. ಮರದಲ್ಲಿ ಉಳಿದ ಕಾಯಿಗೂ ಗಾಯ. ಮಧ್ಯಾಹ್ನಕ್ಕೆ ವ್ಯಾಪಾರಿ ಬಂದ. ‘ಅಣ್ಣಾ, ಈ ತೋಟ ನನಗೆ ಗಿಟ್ಟಲ್ಲ, ಅಡ್ವಾನ್ಸ್ ವಾಪಸ್ ಕೊಟ್ಬಿಡು’ ಅಂದ. ಅಪ್ಪ ಸಿಟ್ಟಾಗಲಿಲ್ಲ. ‘ಹೂವು ನೋಡಿ ಹಿಡಿದೋನು ನೀನು. ಕಾಯಿ ಬಲಿತ ಮೇಲೆ ಬಂದಿದ್ರೆ ನಾನು ಈ ರೇಟಿಗೆ ಕೊಡ್ತಿದ್ನಾ? ಆಲಿಕಲ್ಲೂ ಆ ರೇಟಿನಲ್ಲೇ ಸೇರಿತ್ತು ಕಣಪ್ಪಾ’ ಅಂದರು. ವ್ಯಾಪಾರಿ ಗೊಣಗಿಕೊಂಡು ಹೋದ. ಅಡ್ವಾನ್ಸ್ ನಮ್ಮಲ್ಲೇ ಉಳಿಯಿತು.

ಇಲ್ಲಿಗೆ ಬಂದು ಎಷ್ಟೋ ವರ್ಷ ಆದ ಮೇಲೆ, ಕ್ಲಿನಿಕ್‌ನಲ್ಲಿ ಒಂದು ಹುಡುಗಿಯ ಮಂಡಿ ಬಗ್ಗಿಸುತ್ತಾ ಇರುವಾಗ ನನಗೆ ಅಪ್ಪನ ಆ ಮಾತು ನೆನಪಾಯಿತು.

ಅವಳು ಸಾಕರ್, ಅಂದರೆ ನಮ್ಮ ಕಡೆಯ ಫುಟ್‌ಬಾಲ್, ಆಡುವವಳು. ಹನ್ನೊಂದನೇ ತರಗತಿ. ಒಂದು ಕಾಲೇಜಿಗೆ ಕಮಿಟ್ ಆಗಿದ್ದಳು, ಅಂದರೆ ನಿಮ್ಮ ತಂಡಕ್ಕೇ ಆಡುತ್ತೇನೆ ಎಂದು ಒಪ್ಪಿದ್ದಳು. ಫೀಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೇಜೇ ಕೊಡುತ್ತೆ ಎಂದು ಕೋಚ್ ಹೇಳಿದ್ದರು. ಮಾರ್ಚ್‌ನಲ್ಲಿ ಒಂದು ಪಂದ್ಯದಲ್ಲಿ ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ಓಡುತ್ತಿದ್ದವಳು ಗಕ್ಕನೆ ನಿಂತು ತಿರುಗಿದಳು. ಮಂಡಿಯೊಳಗೆ ‘ಟಪ್’ ಅಂತ ಸದ್ದು ಬಂತಂತೆ. ಎಸಿಎಲ್ ಹರಿದಿತ್ತು. ಮಂಡಿಯ ಒಳಗೆ, ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಡುವ ಹುರಿ ಅದು. ಸಾಕರ್, ಬ್ಯಾಸ್ಕೆಟ್‌ಬಾಲ್ ಆಡುವವರಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಇದು ಜಾಸ್ತಿ ಆಗುತ್ತದೆ.

ಆಪರೇಷನ್ ಆಗಿ ಬಂದವರಿಗೆ ನಾನು ಮೊದಲು ಮಾಡಿಸುವ ಕೆಲಸ ನೋಡಿದರೆ ನಿಮಗೆ ನಗು ಬರಬಹುದು. ಮಂಡಿ ಕೆಳಗೆ ಸುತ್ತಿದ ಟವಲ್ ಇಡುತ್ತೇನೆ. ‘ಟವಲ್ಲನ್ನು ಒತ್ತಮ್ಮ’ ಅನ್ನುತ್ತೇನೆ. ಅಷ್ಟೇ. ಗಂಟೆಗಟ್ಟಲೆ ಓಡಿದ ಹುಡುಗಿಗೆ ಅದೊಂದು ಆಗಲ್ಲ. ತೊಡೆಯ ಸ್ನಾಯು ಮಾತೇ ಕೇಳಲ್ಲ. ಟೇಪು ಹಿಡಿದು ಎರಡೂ ತೊಡೆ ಅಳೆದರೆ ಆಪರೇಷನ್ ಆದ ಕಾಲು ಎರಡು ಮೂರು ಸೆಂಟಿಮೀಟರ್ ತೆಳ್ಳಗಾಗಿರುತ್ತದೆ. ಮಕ್ಕಳು ಆ ಟೇಪನ್ನೇ ನೋಡುತ್ತಾರೆ. ಇವಳು ಟೇಪು ನೋಡುತ್ತಿರಲಿಲ್ಲ. ಪಕ್ಕದಲ್ಲಿಟ್ಟ ಫೋನ್ ನೋಡುತ್ತಿದ್ದಳು.

ಗಾಯ ಆಗುವ ಮೊದಲು ಆ ಕೋಚ್ ದಿನ ಬಿಟ್ಟು ದಿನ ಮೆಸೇಜು ಹಾಕುತ್ತಿದ್ದರಂತೆ. ಗಾಯ ಆದ ವಾರ ‘ಧೈರ್ಯವಾಗಿರು, ನಾವಿದ್ದೇವೆ’ ಎಂದು ಬಂತು. ಎರಡು ವಾರ ಆದ ಮೇಲೆ ‘ಹೇಗಿದ್ದೀಯ, ತಿಳಿಸುತ್ತಿರು’. ಆಮೇಲೆ ಇವಳೇ ಬರೆಯಬೇಕಾಯಿತು, ಉತ್ತರಕ್ಕೆ ಒಂದು ಹೆಬ್ಬೆರಳಿನ ಚಿತ್ರ. ಜೂನ್ ಹೊತ್ತಿಗೆ ಅದೂ ಇಲ್ಲ. ಆಫರ್ ವಾಪಸ್ ತೆಗೆದುಕೊಂಡಿದ್ದೇವೆ ಎಂದು ಯಾರೂ ಕಾಗದ ಬರೆಯಲ್ಲ ಸ್ವಾಮಿ. ಫೋನ್ ಸುಮ್ಮನಾಗುತ್ತದೆ, ಅಷ್ಟೇ.

ಇದು ಹೇಗೆ ಸಾಧ್ಯ, ನಿಯಮ ಕಾನೂನು ಏನೂ ಇಲ್ವಾ ಎಂದು ನೀವು ಕೇಳಬಹುದು. ಇದೆ. ಆದರೆ ಅದು ಶುರುವಾಗುವ ಜಾಗ ನೋಡಿ.

ಇಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ನಿಯಮದ ಪ್ರಕಾರ, ಸ್ಕಾಲರ್‌ಶಿಪ್ ಒಪ್ಪಂದಕ್ಕೆ ಎರಡೂ ಕಡೆ ಸಹಿ ಬಿದ್ದ ಮೇಲೆ, ಆ ಅವಧಿಯೊಳಗೆ ಗಾಯ ಆಯಿತು ಎನ್ನುವ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಸರಿ. ಆದರೆ ಹೆಚ್ಚಿನ ಆಟಗಳಲ್ಲಿ ಕೋಚ್ ಮಗುವಿನ ಜೊತೆ ಮಾತು ಶುರುಮಾಡುವುದು ಹತ್ತನೇ ತರಗತಿ ಮುಗಿದ ಜೂನ್ 15ರಿಂದ. ಕಾಗದದ ಮೇಲೆ ಆಫರ್ ಕಳಿಸಬಹುದಾದದ್ದು ಹನ್ನೆರಡನೇ ತರಗತಿಯ ಆಗಸ್ಟ್ 1ರಿಂದ. ಸಹಿ ಆಗುವುದು ನವೆಂಬರ್ ಸುಮಾರಿಗೆ. ಅಂದರೆ ಹೆಚ್ಚು ಕಡಿಮೆ ಹದಿನೇಳು ತಿಂಗಳು ಬರೀ ಬಾಯಿಮಾತು. ಮೊದಲು ಇನ್ನೂ ಕೆಟ್ಟದಾಗಿತ್ತು. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಆಡುವ ಲ್ಯಾಕ್ರಾಸ್ ಆಟದಲ್ಲಿ ಎಂಟನೇ ತರಗತಿ ಮಕ್ಕಳೂ ಕಮಿಟ್ ಆಗುತ್ತಿದ್ದರು. 2017ರಲ್ಲಿ ಅದಕ್ಕೆ ಕಡಿವಾಣ ಬಿತ್ತು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಕಮಿಟ್ ಆಗುವುದು ಅಂದರೆ ತಾಂಬೂಲ ಬದಲಾಯಿಸಿಕೊಂಡ ಹಾಗೆ. ತಾಳಿ ಬಿದ್ದಿಲ್ಲ, ಆದರೆ ಬೇರೆಯವರು ಹುಡುಗಿ ನೋಡಲು ಬರಲ್ಲ. ಮಗು ಕಮಿಟ್ ಆಯಿತು ಎಂದು ಇನ್‌ಸ್ಟಾಗ್ರಾಂನಲ್ಲಿ ಕಾಲೇಜಿನ ಬಣ್ಣದ ಫೋಟೋ ಬಿದ್ದ ಮರುದಿನದಿಂದ ಬೇರೆ ಕಾಲೇಜಿನ ಕೋಚ್‌ಗಳು ದೂರ ಸರಿಯುತ್ತಾರೆ. ಮಗುವೂ ಬೇರೆ ಕಡೆ ಮಾತಾಡುವುದು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಲಿ ಎಂದೇ ಕೋಚ್ ಬಯಸುವುದು. ಕಾಲೇಜಿಗೆ ಸಿಗುವ ಲಾಭವೂ ಅದೇ. ಹೂವು ಇರುವಾಗಲೇ ತೋಟ ಹಿಡಿದದ್ದು ಅದಕ್ಕೇ ತಾನೇ? ಹಾಗಿದ್ದ ಮೇಲೆ ಆಲಿಕಲ್ಲು ಬಿದ್ದಾಗ ನಷ್ಟ ಪೂರ್ತಿ ತೋಟದವನ ತಲೆಗೆ ಕಟ್ಟುವುದು ಯಾವ ನ್ಯಾಯ? ನಮ್ಮ ವ್ಯಾಪಾರಿ ಕೊನೇಪಕ್ಷ ಅಡ್ವಾನ್ಸ್ ಬಿಟ್ಟು ಹೋಗಿದ್ದ. ಇಲ್ಲಿ ಅಡ್ವಾನ್ಸೂ ಇಲ್ಲ.

ಕೋರ್ಟಿಗೆ ಹೋದರೆ? ಬಾಯಿಮಾತು ಹಿಡಿದುಕೊಂಡು ಗೆಲ್ಲುವುದು ಕಷ್ಟ. ಸ್ಕಾಲರ್‌ಶಿಪ್ ಮಂಜೂರು ಮಾಡುವ ಅಧಿಕಾರ ಕೋಚ್‌ಗೆ ಇರುವುದೇ ಇಲ್ಲ, ಅದು ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನದು. ಮಾತು ಕೊಡುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. 1964ರಿಂದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಒಂದು ಕಾಗದ ಇತ್ತು. ಮಗುವನ್ನು ಒಂದು ವರ್ಷ ಕಾಲೇಜಿಗೆ ಕಟ್ಟಿಹಾಕುವ, ಕಾಲೇಜನ್ನು ಸ್ಕಾಲರ್‌ಶಿಪ್‌ಗೆ ಕಟ್ಟಿಹಾಕುವ ಕಾಗದ. 2024ರ ಅಕ್ಟೋಬರ್‌ನಲ್ಲಿ ಅದನ್ನು ತೆಗೆದು, ಅದರ ಕೆಲಸವನ್ನು ಸ್ಕಾಲರ್‌ಶಿಪ್ ಒಪ್ಪಂದಕ್ಕೇ ಸೇರಿಸಿದರು. ಆದರೆ ಆ ಕಾಗದ ಇದ್ದಾಗಲೂ ಈ ಹದಿನೇಳು ತಿಂಗಳಿಗೆ ಅದರಿಂದ ಏನೂ ಉಪಯೋಗ ಇರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಈ ಭಾಗ ನನಗೆ ತುಂಬಾ ಇಷ್ಟ, ಜಾಸ್ತಿ ಹೊತ್ತು ತೆಗೆದುಕೊಂಡರೆ ಸಹಿಸಿಕೊಳ್ಳಿ.

ಇಲ್ಲಿ ಕಾಲೇಜು ಆಟಗಾರರನ್ನು ಬರೀ ಆಟಗಾರ ಅನ್ನಲ್ಲ. ‘ಸ್ಟೂಡೆಂಟ್ ಅಥ್ಲೀಟ್’ ಅನ್ನುತ್ತಾರೆ. ಟಿವಿಯಲ್ಲಿ ಕೇಳಿರುತ್ತೀರಿ. ಎಷ್ಟು ಚೆಂದದ ಮಾತು, ಅಲ್ವಾ? ಓದು ಮೊದಲು, ಆಟ ಆಮೇಲೆ. ಆ ಮಾತು ಹುಟ್ಟಿದ್ದೇ ಗಾಯಾಳುಗಳಿಗೆ ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು.

1950ರ ದಶಕ. ಕೊಲೊರಾಡೋ ರಾಜ್ಯದಲ್ಲಿ ಅರ್ನೆಸ್ಟ್ ನೆಮೆತ್ ಎಂಬ ಡೆನ್ವರ್ ವಿಶ್ವವಿದ್ಯಾಲಯದ ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಆಟಗಾರ ಅಭ್ಯಾಸದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡ. ಅವನಿಗೆ ಕ್ಯಾಂಪಸ್ಸಿನಲ್ಲಿ ಒಂದು ಕೆಲಸವೂ ಇತ್ತು, ಆ ಕೆಲಸ ಉಳಿಯಬೇಕಾದರೆ ಫುಟ್‌ಬಾಲ್ ಆಡಬೇಕಿತ್ತು. 1953ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವನನ್ನು ಕೆಲಸಗಾರ ಎಂದೇ ಪರಿಗಣಿಸಿ ಪರಿಹಾರ ಕೊಡಿಸಿತು. ಕಾಲೇಜುಗಳಿಗೆ ಗಾಬರಿ. 1955ರಲ್ಲಿ ಅದೇ ರಾಜ್ಯದ ಫೋರ್ಟ್ ಲೂಯಿಸ್ ಎಂಬ ಸಣ್ಣ ಕಾಲೇಜಿನ ರೇ ಡೆನ್ನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಅವನ ಹೆಂಡತಿ, ಕೆಲಸದಲ್ಲಿ ಸತ್ತವರ ಮನೆಯವರಿಗೆ ಸಿಗುವ ಪರಿಹಾರ ಕೊಡಿ ಎಂದು ಕೇಳಿದಳು. 1957ರಲ್ಲಿ ಅದೇ ಸುಪ್ರೀಂ ಕೋರ್ಟು, ಈ ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಅವನು ನೌಕರ ಅಲ್ಲ ಎಂದು ಅವಳ ಕೈಬಿಟ್ಟಿತು.

ಈ ಹೊತ್ತಿನಲ್ಲೇ ‘ಸ್ಟೂಡೆಂಟ್ ಅಥ್ಲೀಟ್’ ಎಂಬ ಮಾತನ್ನು ಎನ್‌ಸಿಎಎ ಎಲ್ಲ ಕಡೆ ಹರಡಿತು. 1951ರಿಂದ 1980ರ ದಶಕದ ಕೊನೆಯವರೆಗೆ ಆ ಸಂಸ್ಥೆಯನ್ನು ನಡೆಸಿದ ವಾಲ್ಟರ್ ಬೈಯರ್ಸ್, ನಿವೃತ್ತರಾದ ಮೇಲೆ ಇದನ್ನು ತಾವೇ ಒಪ್ಪಿಕೊಂಡರು. ಆಟಗಾರರನ್ನು ನೌಕರರು ಎಂದು ಕೋರ್ಟುಗಳು ಹೇಳಿಬಿಟ್ಟರೆ ಎಂಬ ಭಯಕ್ಕೆ ಹೊಸೆದ ಮಾತು ಅದು ಎಂದು ಬರೆದರು. 1974ರಲ್ಲಿ ಟೆಕ್ಸಸ್‌ನ ಕೆಂಟ್ ವಾಲ್ಡ್ರೆಪ್ ಎಂಬ ಆಟಗಾರ ಪಂದ್ಯದಲ್ಲಿ ಬಿದ್ದು, ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿತು. ಅವನ ಪರಿಹಾರದ ಕೇಸು 2000ದ ತನಕ ಎಳೆಯಿತು. ಕೊನೆಗೆ ಸಿಕ್ಕ ಉತ್ತರ ಅದೇ. ನೀನು ನೌಕರ ಅಲ್ಲ, ವಿದ್ಯಾರ್ಥಿ.

ನನ್ನ ವಾದ ಇಷ್ಟೇ. ವಿದ್ಯಾರ್ಥಿ ಅಂದಿರಿ. ಸ್ಕಾಲರ್‌ಶಿಪ್ ಸಂಬಳ ಅಲ್ಲ, ಓದಿಗೆ ಕೊಡುವ ನೆರವು ಅಂದಿರಿ. ಐವತ್ತು ಅರವತ್ತು ವರ್ಷ ಕೋರ್ಟಿನಲ್ಲಿ ಅದನ್ನೇ ಹೇಳಿ ಗೆದ್ದಿರಿ. ಸರಿ, ಒಪ್ಪಿದೆ. ಈಗ ಒಂದು ಹುಡುಗಿಯ ಮಂಡಿ ಹರಿದಿದೆ. ಓದುವುದಕ್ಕೆ ಮಂಡಿ ಬೇಕಾ? ಗಾಯಾಳುವಿಗೆ ಪರಿಹಾರ ಕೊಡುವ ಹೊತ್ತಿಗೆ ಅವಳು ವಿದ್ಯಾರ್ಥಿ, ಸ್ಕಾಲರ್‌ಶಿಪ್ ಕೊಡುವ ಹೊತ್ತಿಗೆ ಅವಳು ಆಟಗಾರ್ತಿ. ಕೊಡಬೇಕಾಗಿ ಬಂದಾಗಲೆಲ್ಲ ಅವಳು ಇನ್ನೊಂದೇ ಆಗಿರುತ್ತಾಳೆ.

ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಇದೆಯಲ್ಲ, ಅದು ಬೇರೆ ಥರ. ಸಿಇಟಿಯಲ್ಲಿ ಕೋಟಾ ಕೇಳುವ ಹುಡುಗ ಆಗಲೇ ಆಡಿ ಗೆದ್ದ ಸರ್ಟಿಫಿಕೇಟು ತೋರಿಸುತ್ತಾನೆ. ಆಡಿದ್ದಕ್ಕೆ ಸೀಟು. ಅವನು ಸೀಟು ಸಿಕ್ಕ ಮೇಲೆ ಕಾಲು ಮುರಿದುಕೊಂಡರೂ ಸೀಟು ಅವನದೇ. ಅಲ್ಲಿನ ರಗಳೆಗಳು ಬೇರೆ, ಅದಕ್ಕೆ ಇನ್ನೊಂದು ಭಾನುವಾರ ಬೇಕು. ಇಲ್ಲಿ ಹಣ ಕೊಡುವುದು ಮುಂದೆ ಆಡುವುದಕ್ಕೆ. ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗ್‌ನ ಎಂಟು ಕಾಲೇಜುಗಳು ಈ ಗೋಜಿಗೆ ಹೋಗಿಲ್ಲ. 1954ರಿಂದ ಅವರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಮನೆಯ ವರಮಾನ ನೋಡಿ ನೆರವು. ಅಲ್ಲಿಗೆ ಸೇರಿದ ಮಗು ಮಂಡಿ ಮುರಿದುಕೊಂಡರೂ, ಆಟ ಬೇಡ ಎಂದು ಬಿಟ್ಟರೂ ಆ ನೆರವು ನಿಲ್ಲಲ್ಲ.

ಕಾಲೇಜುಗಳೆಲ್ಲ ಕೆಟ್ಟವು ಎಂದು ಹೇಳಲು ನಾನು ಬಂದಿಲ್ಲ. ಆಸ್ಟಿನ್ ಹ್ಯಾಚ್ ಹೆಸರು ನಿಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಗೊತ್ತಿರುತ್ತದೆ. ನಮ್ಮ ಪಕ್ಕದ ಇಂಡಿಯಾನಾದ ಫೋರ್ಟ್ ವೇಯ್ನ್ ಊರಿನ ಹುಡುಗ. 2003ರಲ್ಲಿ, ಅವನಿಗೆ ಎಂಟು ವರ್ಷ ಇದ್ದಾಗ, ಅಪ್ಪ ಓಡಿಸುತ್ತಿದ್ದ ಸಣ್ಣ ವಿಮಾನ ಬಿದ್ದು ತಾಯಿ, ಅಕ್ಕ, ತಮ್ಮ ಹೋದರು. 2011ರ ಜೂನ್‌ನಲ್ಲಿ ಅವನು ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಆಡುವುದಾಗಿ ಕಮಿಟ್ ಆದ. ಹತ್ತು ದಿನವೂ ಆಗಿರಲಿಲ್ಲ, ಮತ್ತೆ ವಿಮಾನ ಬಿತ್ತು. ಈ ಸಲ ತಂದೆ, ಮಲತಾಯಿ ಇಬ್ಬರೂ ಹೋದರು. ಹುಡುಗನ ತಲೆಗೆ ಭಾರಿ ಪೆಟ್ಟು. ವಾರಗಟ್ಟಲೆ ಕೋಮಾ. ನಡೆಯುವುದು, ಮಾತಾಡುವುದು ಎಲ್ಲ ಮತ್ತೆ ಕಲಿಯಬೇಕಾಯಿತು.

ಕಾಗದಕ್ಕೆ ಸಹಿ ಬಿದ್ದಿರಲಿಲ್ಲ. ಬರೀ ಮಾತು. ಮಿಶಿಗನ್ ಕೋಚ್ ಜಾನ್ ಬೀಲೈನ್ ಆ ಮಾತು ಹಾಗೇ ಉಳಿಸಿಕೊಂಡರು. 2013ರ ನವೆಂಬರ್‌ನಲ್ಲಿ ಸಹಿ ಆಯಿತು, 2014ರಲ್ಲಿ ಹುಡುಗ ಸೇರಿದ. ಆ ಡಿಸೆಂಬರ್‌ನಲ್ಲಿ ಕಾಪಿನ್ ಸ್ಟೇಟ್ ವಿರುದ್ಧದ ಪಂದ್ಯದ ಕೊನೆಯಲ್ಲಿ ಅವನನ್ನು ಇಳಿಸಿದರು. ಫ್ರೀ ಥ್ರೋ ಸಿಕ್ಕಿತು, ಒಂದು ಬಿತ್ತು. ಒಂದು ಪಾಯಿಂಟ್. ಮಿಶಿಗನ್‌ಗೆ ಅವನು ಗಳಿಸಿಕೊಟ್ಟದ್ದು ಅಷ್ಟೇ, ಆ ಒಂದೇ ಪಾಯಿಂಟ್.

ಈ ಕಥೆ ಕೇಳಿದವರು ಕಣ್ಣು ಒರೆಸಿಕೊಂಡು ಅಲ್ಲಿಗೇ ಬಿಡುತ್ತಾರೆ. ನನಗೆ ಮುಖ್ಯ ಅನಿಸುವುದು ಮುಂದಿನ ವರ್ಷ ನಡೆದದ್ದು. 2015ರಲ್ಲಿ ಅವನನ್ನು ವೈದ್ಯಕೀಯ ವಿನಾಯಿತಿಗೆ ಹಾಕಿದರು. ಆಗ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 13 ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು. ವಿನಾಯಿತಿ ಸಿಕ್ಕರೆ ಆ ಮಗು ಹದಿಮೂರರ ಲೆಕ್ಕಕ್ಕೆ ಬರಲ್ಲ. ಅವನ ಓದು ನಡೆಯಿತು, ತಂಡಕ್ಕೆ ಜಾಗವೂ ಉಳಿಯಿತು. ಅವನು ಕೋಚ್‌ಗೆ ಸಹಾಯಕನಾಗಿ ತಂಡದ ಜೊತೆಗೇ ಇದ್ದು 2018ರಲ್ಲಿ ಡಿಗ್ರಿ ಮುಗಿಸಿದ. ಅಂದರೆ ಫೀಸು ಬೇರೆ, ತಂಡದಲ್ಲಿ ಜಾಗ ಬೇರೆ. ಮಾತು ಉಳಿಸಿಕೊಳ್ಳಿ ಎಂದು ನಾನು ಹೇಳುವಾಗ ಫೀಸಿನ ಮಾತನ್ನು ಹೇಳುತ್ತಿದ್ದೇನೆ. ಓಡಲಾಗದವಳನ್ನು ಮೈದಾನಕ್ಕೆ ಇಳಿಸಿ ಎಂದು ಯಾರೂ ಕೇಳುತ್ತಿಲ್ಲ.

ಇನ್ನು ಕೋಚ್‌ಗಳ ಕಡೆಯ ಮಾತು. ಆ ಸಾಕರ್ ಹುಡುಗಿಯ ಕೋಚ್ ಒಂದು ಸಲ ನನಗೇ ಫೋನ್ ಮಾಡಿದ್ದರು. ತಂದೆತಾಯಿ ಒಪ್ಪಿಗೆ ಕೊಟ್ಟಿದ್ದರಿಂದ ಮಾತಾಡಿದೆ. ‘ಮೊದಲಿನ ಹಾಗೆ ಓಡ್ತಾಳಾ?’ ಎಂದು ಕೇಳಿದರು. ಒಂಬತ್ತು ತಿಂಗಳಾದರೂ ಆಗಲಿ, ಈಗಲೇ ಹೇಳಲು ಬರಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಕಾಂಟ್ರಾಕ್ಟ್‌ನಲ್ಲಿ ಉಳಿದಿರುವುದೇ ಹದಿನಾಲ್ಕು ತಿಂಗಳು’ ಅಂದರು. ಒಳ್ಳೆಯ ಮನುಷ್ಯರೇ. ಗೆಲ್ಲದಿದ್ದರೆ ಅವರ ಕೆಲಸ ಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಇದನ್ನು ಕೋಚ್‌ನ ಒಳ್ಳೆಯತನಕ್ಕೆ ಬಿಡಬಾರದು. ಆಫರ್ ಹೋಗುವುದು ಕಾಲೇಜಿನ ಹೆಸರಲ್ಲಿ. ಆಲಿಕಲ್ಲಿನ ನಷ್ಟವೂ ಕಾಲೇಜಿನ ಖಾತೆಗೆ ಬೀಳಲಿ.

ಮಕ್ಕಳೂ ಮಾತು ತಪ್ಪುತ್ತಾರಲ್ಲ ಎಂದು ಕೇಳುವವರಿದ್ದಾರೆ. ನಿಜ. ಇವತ್ತು ಇಲ್ಲಿ ಕಮಿಟ್, ಮುಂದಿನ ತಿಂಗಳು ಇನ್ನೊಂದು ಕಡೆ. ನನಗೂ ಅದು ಇಷ್ಟ ಇಲ್ಲ. ಆದರೆ ಒಂದು ಮಗು ಹೋದರೆ ಕೋಚ್‌ನ ಪಟ್ಟಿಯಲ್ಲಿ ಇನ್ನೂ ಇಪ್ಪತ್ತು ಹೆಸರು ಇರುತ್ತದೆ. ಮಗುವಿಗೆ ಇರುವುದು ಎರಡೇ ಮಂಡಿ. ಕೆಲವು ಫುಟ್‌ಬಾಲ್ ಕೋಚ್‌ಗಳು ಜಾಗ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಫರ್ ಹಂಚುತ್ತಾರೆ, ಅದನ್ನೆಲ್ಲ ಉಳಿಸಿಕೊಳ್ಳಲು ಆಗುತ್ತಾ ಎಂಬುದು ಇನ್ನೊಂದು ಪ್ರಶ್ನೆ. ಬೇಡ, ಎಲ್ಲವೂ ಬೇಡ. ಮಗು ಒಪ್ಪಿದೆ, ಕಾಲೇಜೂ ಒಪ್ಪಿದೆ, ಬೇರೆ ಬಾಗಿಲು ಮುಚ್ಚಿದೆ. ಅಂಥದ್ದು ಮಾತ್ರ ಸಾಕು. ಮಾರ್ಕ್ಸ್ ಬಿದ್ದುಹೋದರೆ, ಹಳೆಯ ಗಾಯ ಮುಚ್ಚಿಟ್ಟಿದ್ದರೆ ಕಾಲೇಜು ಹಿಂದೆ ಸರಿಯಲಿ, ನನ್ನ ತಕರಾರಿಲ್ಲ.

ಸಣ್ಣ ಕಾಲೇಜುಗಳ ವಿಚಾರ ನನಗೂ ತಲೆನೋವು. ಅಲ್ಲಿ ಒಂದೊಂದು ಡಾಲರ್‌ಗೂ ಲೆಕ್ಕ. ಅಂಥ ಕಡೆ ಪೂರ್ತಿ ಫೀಸು ಆಗದಿದ್ದರೆ ಮೊದಲ ಒಂದು ವರ್ಷದ್ದಾದರೂ ಕೊಡಲಿ, ಅಷ್ಟರಲ್ಲಿ ಮಗು ಬೇರೆ ದಾರಿ ನೋಡಿಕೊಳ್ಳುತ್ತದೆ. ಆದರೆ ದೊಡ್ಡ ಕಾಲೇಜುಗಳು ಹಣ ಇಲ್ಲ ಎಂದು ಹೇಳುವ ಕಾಲ ಮುಗಿಯಿತು. 2025ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಕೇಸಿನಲ್ಲಿ ಒಪ್ಪಿದ ರಾಜಿಯ ಪ್ರಕಾರ ಒಂದೊಂದು ಕಾಲೇಜು ಮೊದಲ ವರ್ಷವೇ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಿತ್ತು. ಅದನ್ನು ಒಪ್ಪಿಕೊಂಡ ಕಾಲೇಜುಗಳಿಗೆ ಸ್ಕಾಲರ್‌ಶಿಪ್‌ನ ಹಳೆಯ ಮಿತಿಯೂ ಹೋಯಿತು. ಈಗ ಮಿತಿ ಇರುವುದು ತಂಡದ ಪಟ್ಟಿಗೆ. ಫುಟ್‌ಬಾಲ್‌ಗೆ 105 ಜನ. ಗಾಯಾಳು ಮಗುವಿಗೆ ಫೀಸು ಕೊಟ್ಟರೆ ಇನ್ನೊಬ್ಬರ ಸ್ಕಾಲರ್‌ಶಿಪ್ ಹೋಗುತ್ತೆ ಎಂಬ ಹಳೆಯ ನೆಪವೂ ಅಲ್ಲಿಗೆ ಮುಗಿಯಿತು.

ಅದೇ ಕೇಸಿನಲ್ಲಿ ಇನ್ನೊಂದು ವಿಷಯ ನಡೆಯಿತು. ಪಟ್ಟಿಗೆ ಮಿತಿ ಬರುತ್ತೆ ಎಂದು ಗೊತ್ತಾದ ಕೂಡಲೇ ಎಷ್ಟೋ ಕಾಲೇಜುಗಳು ಹನ್ನೆರಡನೇ ತರಗತಿ ಮಕ್ಕಳಿಗೆ ಕೊಟ್ಟ ಮಾತು ಮುರಿದವು. ಗಾಯ ಇಲ್ಲ, ಏನೂ ಇಲ್ಲ, ಸುಮ್ನೆ ಜಾಗ ಇಲ್ಲ ಎಂದು. ಆ ಏಪ್ರಿಲ್‌ನಲ್ಲಿ ನ್ಯಾಯಾಧೀಶೆ, ಈ ಮಕ್ಕಳಿಗೆ ಏನಾದರೂ ದಾರಿ ಮಾಡುವ ತನಕ ಒಪ್ಪಿಗೆ ಕೊಡಲ್ಲ ಎಂದು ಕೂತುಬಿಟ್ಟರು. ಕೊನೆಗೆ, ಹಾಗೆ ಜಾಗ ಕಳೆದುಕೊಂಡವರನ್ನು ತೆಗೆದುಕೊಂಡರೆ ಮಿತಿಗೆ ಲೆಕ್ಕವಿಲ್ಲ ಎಂದು ಬರೆದರು. ತೆಗೆದುಕೊಳ್ಳಲೇಬೇಕು ಎಂದು ಬರೆಯಲಿಲ್ಲ, ಅದು ಕಾಲೇಜಿನ ಇಷ್ಟ. ಆದರೂ ಬಾಯಿಮಾತಿಗೂ ಒಂದು ಬೆಲೆ ಇದೆ ಎಂದು ಕೋರ್ಟು ಒಪ್ಪಿದ ಹಾಗಾಯಿತು. ಕಾಲೇಜಿಗೆ ಸೇರಿದ ಮೇಲಿನ ಮಕ್ಕಳಿಗೆ ಕ್ಯಾಲಿಫೋರ್ನಿಯಾ 2012ರಲ್ಲೇ ಕಾನೂನು ಮಾಡಿತ್ತು. ಟಿವಿ ಹಕ್ಕಿನಿಂದ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸುವ ಕಾಲೇಜು, ಆಡುವಾಗ ಆದ ಗಾಯದಿಂದ ಸ್ಕಾಲರ್‌ಶಿಪ್ ನಿಂತವರಿಗೆ ಅಷ್ಟೇ ನೆರವು ಕೊಡಬೇಕು ಎಂದು. ಅದನ್ನು ಕಮಿಟ್ ಆದ ದಿನದಿಂದ ಲೆಕ್ಕ ಹಾಕಿ ಅನ್ನುವುದಷ್ಟೇ ನನ್ನ ಬೇಡಿಕೆ.

ಕ್ಲಿನಿಕ್‌ನಲ್ಲಿ ಕೂತು ನೋಡುವವಳಾಗಿ ನನಗೆ ಇದಕ್ಕಿಂತ ಹೆಚ್ಚು ಚಿಂತೆ ತರುವ ಸಂಗತಿ ಒಂದಿದೆ. ಗಾಯ ಆದರೆ ಆಫರ್ ಹೋಗುತ್ತೆ ಎಂದು ಮಕ್ಕಳಿಗೆ ಗೊತ್ತು. ಅದಕ್ಕೇ ಮುಚ್ಚಿಡುತ್ತಾರೆ. ಮಂಡಿ ಬಾತು ಮುದ್ದೆ ಗಾತ್ರ ಆಗಿರುತ್ತೆ, ಕೇಳಿದರೆ ‘ಪರವಾಗಿಲ್ಲ’. ‘ಫೈಲಿನಲ್ಲಿ ಬರೀಬೇಡಿ ಪ್ಲೀಸ್’ ಎಂದು ನನ್ನ ಕೈ ಹಿಡಿದುಕೊಂಡ ಮಕ್ಕಳಿದ್ದಾರೆ. ಎಸಿಎಲ್ ಆಪರೇಷನ್ ಆದವರು ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕೆ ಇಳಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ. ಅದು ಗೊತ್ತಿದ್ದೂ ಆರನೇ ತಿಂಗಳಿಗೇ ಇಳಿಯುತ್ತಾರೆ. ಕೋಚ್ ನೋಡಲು ಬರುವ ಟೂರ್ನಮೆಂಟ್ ಜುಲೈನಲ್ಲಿರುತ್ತೆ, ಮಂಡಿ ಕಾಯಬಹುದು, ಜುಲೈ ಕಾಯಲ್ಲ. ಇಲ್ಲಿರುವ ಅಪ್ಪಂದಿರನ್ನು ನೋಡಿ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಲವು ಸಲ ಮಗುಗಿಂತ ಮೊದಲು ಆರನೇ ತಿಂಗಳಿನ ಲೆಕ್ಕ ಹಾಕುವವರು ನೀವೇ.

ಬೆಂಗಳೂರಿನಿಂದ ಟೆನಿಸ್, ಈಜು ಎಂದು ಇಲ್ಲಿಗೆ ಬರುವ ಮಕ್ಕಳಿಗೆ ಇನ್ನೂ ಕಷ್ಟ. ವೀಸಾಗೆ ಬೇಕಾದ, ಕಾಲೇಜು ಕೊಡುವ ಐ-20 ಎಂಬ ಕಾಗದ ಸಿಗಬೇಕಾದರೆ ಮೊದಲ ವರ್ಷದ ಖರ್ಚಿಗೆ ಹಣ ಎಲ್ಲಿಂದ ಬರುತ್ತೆ ಎಂದು ತೋರಿಸಬೇಕು. ಸ್ಕಾಲರ್‌ಶಿಪ್ ನಂಬಿಕೊಂಡಿದ್ದು, ಅದು ಮೇ ತಿಂಗಳಲ್ಲಿ ಹೋದರೆ, ಫೀಸು ಮಾತ್ರ ಅಲ್ಲ, ವೀಸಾ ದಾರಿಯೂ ಮುಚ್ಚಿತು. ನಿಮ್ಮ ಅಕ್ಕ ಅಣ್ಣಂದಿರ ಮಕ್ಕಳು ಆ ದಾರಿಯಲ್ಲಿದ್ದರೆ ಹೇಳಿ. ಕೋಚ್ ಮಾತು ಕೊಟ್ಟ ದಿನವೇ ‘ಗಾಯ ಆದರೆ ಏನು?’ ಎಂದು ಕೇಳಬೇಕು. ಉತ್ತರವನ್ನು ಇಮೇಲ್‌ನಲ್ಲಿ ಕೇಳಬೇಕು. ಆಗಸ್ಟ್ 1ಕ್ಕೆ ಮೊದಲು ಅವರು ಆಫರ್ ಬರೆದು ಕೊಡುವಂತಿಲ್ಲ, ಆದರೆ ಕಾಲೇಜಿನ ಪದ್ಧತಿ ಏನು, ಹಿಂದೆ ಗಾಯ ಆದವರಿಗೆ ಏನು ಮಾಡಿದಿರಿ ಎಂದು ಕೇಳಿದರೆ ತಪ್ಪಿಲ್ಲ. ನುಣುಚಿಕೊಂಡರೆ ಅದೂ ಒಂದು ಉತ್ತರವೇ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

ಹಿಂದಿನ ಸಾಲಿನಿಂದ ಒಬ್ಬ ತಂದೆ ಕೇಳಿದರು: ‘ಮೇಡಂ, ಹಾಗಾದ್ರೆ ಗಾಯ ಆದ್ರೆ ಕೋಚ್‌ಗೆ ಹೇಳ್ಬೇಕಾ ಬೇಡ್ವಾ? ನಿಜ ಹೇಳಿ.’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹೇಳಬೇಕು ಎಂದೆ. ಇವತ್ತಿನ ಪರಿಸ್ಥಿತಿಯಲ್ಲಿ ಅದರಿಂದ ನಿಮಗೆ ನಷ್ಟ ಆಗಬಹುದು ಎಂದೂ ಹೇಳಿದೆ. ಮುಚ್ಚಿಟ್ಟರೆ ಆಫರ್ ಉಳಿಯಬಹುದು, ಮಂಡಿ ಉಳಿಯಲ್ಲ. ನಲವತ್ತು ವರ್ಷಕ್ಕೆ ಮೆಟ್ಟಿಲು ಹತ್ತಲಾಗದೆ ನನ್ನ ಹತ್ತಿರ ಬರುವ ಹಳೆಯ ಆಟಗಾರರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಆ ತಂದೆ ತಲೆಯಾಡಿಸಿದರು. ಒಪ್ಪಿದರು ಎಂದು ನನಗೆ ಅನಿಸಲಿಲ್ಲ.

ಮುಂದೆ ಕೂತಿದ್ದ ಅಜ್ಜಿ, ಮಗನ ಮನೆಗೆ ಬೇಸಿಗೆಗೆ ಬಂದವರು, ಸಾಕರ್ ಅಂದರೆ ಏನು ಎಂದು ಪಕ್ಕದವರನ್ನು ಆಗಾಗ ಕೇಳುತ್ತಿದ್ದವರು, ಕೈ ಎತ್ತಿದರು. ‘ಆ ಹುಡುಗಿ ಈಗ ಏನ್ ಮಾಡ್ತಾಳಮ್ಮ?’

ಇದೇ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ ಅಜ್ಜಿ, ಎರಡನೇ ವರ್ಷ. ಸಾಲ ತೆಗೆದುಕೊಂಡಿದ್ದಾಳೆ. ಕಾಲೇಜು ತಂಡಕ್ಕೆ ಆಡಲ್ಲ. ಶನಿವಾರ ಭಾನುವಾರ ಚಿಕ್ಕ ಮಕ್ಕಳ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಾಳೆ, ಪಂದ್ಯಕ್ಕೆ ಇಷ್ಟು ಎಂದು ಹಣ ಕೊಡುತ್ತಾರೆ. ಕಳೆದ ಸಲ ಬಂದಿದ್ದಾಗ ಟೇಪು ತಾನೇ ತೆಗೆದುಕೊಂಡು ಎರಡೂ ತೊಡೆ ಅಳೆದಳು. ಇನ್ನೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಇದೆ.